ಮೇಜು ಹಿಡಿಸುವ ಮನೆ

ನಾನು ಮನೆ ಬ್ರೋಕರ್. "ಒಳ್ಳೇ ಗಾಳಿ, ಒಳ್ಳೇ ಬೆಳಕು" ಎಂದು ಹೇಳಿ ಹೇಳಿ ಅದು ನಾಲಿಗೆಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೂ ವಾರ್ಡಿನ ಗಾಳಿ ಬೆಳಕನ್ನು ಹೊಗಳಿಯೇ ಎದ್ದು ಬರುತ್ತೇನೆ. ಹದಿನೆಂಟು ವರ್ಷದಲ್ಲಿ ಎಂಥೆಂಥ ಗಿರಾಕಿಗಳನ್ನು ದಡ ಮುಟ್ಟಿಸಿದ್ದೇನೆ. ನನಗೆ ನೀರು ಕುಡಿಸಿದ ಗಿರಾಕಿ ಒಬ್ಬಳೇ, ಅವಳು ನನ್ನ ಸ್ವಂತ ಅಕ್ಕ.

ಅಕ್ಕ ಆಲ್ಟರೇಶನ್ ಟೈಲರ್. ಹೊಸದಾಗಿ ಏನೂ ಹೊಲಿಯುವುದಿಲ್ಲ, ಹೊಲಿದದ್ದನ್ನು ಸರಿ ಮಾಡುತ್ತಾಳೆ. ದಪ್ಪಗಾದವರಿಗೆ ಹೊಲಿಗೆ ಬಿಚ್ಚುತ್ತಾಳೆ, ಸಣ್ಣಗಾದವರಿಗೆ ಒಳಗೆ ಹಿಡಿಯುತ್ತಾಳೆ, ಅಣ್ಣನ ಕೋಟನ್ನು ತಮ್ಮನ ಮೈಗೆ ಇಳಿಸುತ್ತಾಳೆ. ಯಾರು ಏನು ತಂದುಕೊಟ್ಟರೂ ಮೊದಲು ಅದನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಬೆರಳಲ್ಲಿ ತಡವಿ, "ಒಂದಿಂಚು ಇದೆ ಬಿಡಿ, ಆಗುತ್ತೆ" ಎನ್ನುತ್ತಾಳೆ. ಹೀಗಾಗಿ ಅವಳು ಎಲ್ಲರ ಬಾಯಲ್ಲಿ ಇಂಚಕ್ಕ. ಅವಳ ಅಂಗಡಿಗೆ ಹೋದವರೆಲ್ಲ ಏನೋ ಗೆದ್ದವರಂತೆ ಹಿಗ್ಗುತ್ತಾ ಹೊರಗೆ ಬರುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಯಾಕೆಂದು ಮಾತ್ರ ತಿಳಿದಿರಲಿಲ್ಲ.

ಕೆಲಸ ಕಲಿತದ್ದು ಹದಿನಾರನೇ ವಯಸ್ಸಿನಲ್ಲಿ, ಒಬ್ಬ ಸಿಡುಕ ಕಟಿಂಗ್ ಮಾಸ್ಟರ್ ಹತ್ತಿರ. ಎರಡು ವರ್ಷ ಅವರು ಅವಳ ಕೈಗೆ ಸೂಜಿಯನ್ನೇ ಕೊಡಲಿಲ್ಲ. ಬ್ಲೇಡು ಕೊಟ್ಟು ಹಳೆಯ ಹೊಲಿಗೆ ಬಿಚ್ಚಲು ಕೂರಿಸಿದರು. ಕೊನೆಗೆ ಸೂಜಿ ಕೊಟ್ಟ ದಿನ ಹೇಳಿದರಂತೆ: "ಒಳಗೆ ಒಂದಿಂಚು ಬಿಡು ಮಗೂ. ನಾಳೆ ಆ ಮನುಷ್ಯ ದಪ್ಪ ಆದ್ರೆ ಬೈಯೋದು ನನ್ನನ್ನ." ಮಾಸ್ಟರ್ ಅಂಗಡಿ ಮುಚ್ಚಿದಾಗ ತಮ್ಮ ಕಟಿಂಗ್ ಮೇಜನ್ನು ಅವಳಿಗೇ ಬಿಟ್ಟುಹೋದರು.

ಮೇಜು ಎಂದೆ, ಆದರೆ ಅದನ್ನು ನೋಡಿದವರು ಆ ಶಬ್ದಕ್ಕೆ ತೃಪ್ತರಾಗಲಾರರು. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೆಳಗೆ ಕಾಲುಗಳಿಲ್ಲ, ಸುತ್ತ ಹಲಗೆ ಕೂಡಿಸಿ ಎರಡೂ ಕಡೆ ಡ್ರಾಯರುಗಳು: ಗುಂಡಿ, ಹುಕ್ಕು, ಜಿಪ್ಪು, ದಾರ. ಮೇಲೆ ನಲವತ್ತು ವರ್ಷದ ಇಸ್ತ್ರಿಯ ಕಾವಿಗೆ ಹೊಳಪೇರಿದ ಮರ. ಮೊಳೆಯನ್ನೇ ಕಾಣದ ಬೆಸುಗೆ, ಬಿಚ್ಚಲು ಬರುವುದಿಲ್ಲ. ಬಿಚ್ಚುವುದರಲ್ಲೇ ಜೀವನ ಕಳೆದವಳ ಬಳಿ ಇದ್ದ ಬಿಚ್ಚಲಾಗದ ವಸ್ತು ಅದೊಂದೇ.

ಹೀಗಿರುವಾಗ ಅವಳ ಅಂಗಡಿ ಇದ್ದ ಕಟ್ಟಡವನ್ನು ಕೆಡವುತ್ತಾರೆಂದು ಗೊತ್ತಾಯಿತು. ಎರಡು ತಿಂಗಳೊಳಗೆ ಖಾಲಿ ಮಾಡಬೇಕು. ಅಕ್ಕ, ಭಾವ ಕೂತು ಯೋಚಿಸಿ, ಮುಂದೆ ಅಂಗಡಿ, ಹಿಂದೆ ಸಂಸಾರ ಇರುವಂಥ ಸ್ವಂತ ಮನೆಯನ್ನೇ ತೆಗೆದುಕೊಳ್ಳುವುದೆಂದು ತೀರ್ಮಾನಿಸಿದರು. ಶರತ್ತು ಒಂದೇ. "ಮೇಜು ಹಿಡಿಸದ ಮನೆ ನನಗೂ ಹಿಡಿಸಲ್ಲ ಕಣೋ," ಎಂದಳು ಅಕ್ಕ.

ಇದೇನು ಮಹಾ ಎಂದುಕೊಂಡೆ. ಹತ್ತೊಂಬತ್ತು ಮನೆ ತೋರಿಸಿದ ಮೇಲೆ ಗೊತ್ತಾಯಿತು. ಮೇಜನ್ನು ಹೇಗೆ ಮಗ್ಗುಲಾಗಿಸಿದರೂ ಅದರ ಅತಿ ಸಣ್ಣ ಅಳತೆ ಅದರ ಎತ್ತರ: ಅಕ್ಕನ ಟೇಪಿನಲ್ಲಿ ಮೂವತ್ತೊಂಬತ್ತೂವರೆ ಇಂಚು. ಹೊಸ ಫ್ಲ್ಯಾಟುಗಳ ಬಾಗಿಲು ಮೂವತ್ತಾರಕ್ಕೇ ಉಸಿರು ಬಿಡುತ್ತಿದ್ದವು. ಒಂದು ಕಡೆ ಬಾಗಿಲು ಸರಿ, ಲಿಫ್ಟಿನಲ್ಲಿ ಹೋಗದು. ಇನ್ನೊಂದು ಕಡೆ ಮೆಟ್ಟಿಲ ತಿರುವಿನಲ್ಲಿ ತಿರುಗದು. ನಾನು ಸ್ಟೀಲ್ ಟೇಪು ಸರ್ರನೆ ಎಳೆದು ಅಳತೆ ಕೂಗುವುದು, ಅಕ್ಕ ತುಟಿ ಸೊಟ್ಟ ಮಾಡುವುದು, ಮುಂದಿನ ಮನೆ. ನನ್ನ ಟೇಪಿಗೆ ಅವಳಿಟ್ಟ ಹೆಸರು "ತಗಡು". ಸದಾ ಕುತ್ತಿಗೆಯಲ್ಲಿ ನೇತಾಡುವ ಅವಳ ಬಟ್ಟೆ ಟೇಪನ್ನು ನಾನು "ಲಾಡಿ" ಎನ್ನುತ್ತಿದ್ದೆ.

ಭಾವನನ್ನು ಕೇಳಿ ಪ್ರಯೋಜನವಿರಲಿಲ್ಲ. ಅವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್. ದಿನವಿಡೀ ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡಿ, ಮನೆಗೆ ಬಂದೊಡನೆ ಬಾಯಿಗೆ ಬೀಗ. "ಭಾವ, ನಿಮಗೆ ಹಿಡಿಸ್ತಾ?" ಎಂದು ಹತ್ತೊಂಬತ್ತು ಮನೆಯಲ್ಲೂ ಕೇಳಿದೆ. ಹತ್ತೊಂಬತ್ತು ಸಲವೂ ಅಕ್ಕನ ಕಡೆ ಕೈ ತೋರಿಸಿದರು.

ಕೊನೆಗೆ ಒಬ್ಬ ಬಡಗಿಯನ್ನು ಕರೆಸಿದೆ. ಅವನು ಮೇಜಿನ ಸುತ್ತ ಒಂದು ಸುತ್ತು ಬಂದು, "ಮಧ್ಯಕ್ಕೆ ಕುಯ್ದು ಎರಡು ಮಾಡಿ, ಆಮೇಲೆ ಪಟ್ಟಿ ಹೊಡೆದು ಸೇರಿಸ್ತೀನಿ. ಹತ್ತು ನಿಮಿಷದ ಕೆಲಸ," ಎಂದ. ಅಕ್ಕ ಮೇಜಿನ ಮೇಲೆ ಅಂಗೈ ಇಟ್ಟು ನಿಂತಳು. ಎಲ್ಲರ ಬಟ್ಟೆಗೂ ನಿರ್ದಾಕ್ಷಿಣ್ಯವಾಗಿ ಕತ್ತರಿ ಹಾಕುವ ನನ್ನ ಅಕ್ಕನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಇಪ್ಪತ್ತನೇ ಮನೆ ಸಿಗಲೇಬೇಕೆಂದು ಆವತ್ತು ಹಟ ಹಿಡಿದೆ.

ಸ್ಟೇಷನ್ನಿನ ಹಿಂದೆ ಒಂದು ಬಡಾವಣೆ ಇದೆ. ಮೊದಲು ಅಲ್ಲಿ ಗೋಡೌನು, ಗ್ಯಾರೇಜು ಬಿಟ್ಟರೆ ಬೇರೇನಿರಲಿಲ್ಲ. ಈಗ ನೋಡನೋಡುತ್ತಲೇ ಅದಕ್ಕೆ ರೆಕ್ಕೆ ಬಂದುಬಿಟ್ಟಿದೆ. ಟೈರು ಶೆಡ್ಡು ಬೇಕರಿಯಾಗಿದೆ, ನಾಯಿಗಳ ಕೂದಲು ಕತ್ತರಿಸಲು ಒಂದು ಸಲೂನು ಬಂದಿದೆ, ಅಲ್ಲಿ ನಾಯಿಗಳು ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರುತ್ತವೆ. ಹಳೆ ಪೇಪರ್ ಅಂಗಡಿಯ ತಕ್ಕಡಿಯನ್ನು ಒಂದು ಕಾಫಿ ಅಂಗಡಿಯವರು ಅಲಂಕಾರಕ್ಕೆ ನೇತುಹಾಕಿದ್ದಾರೆ. ಅದರ ಹಳೆಯ ಯಜಮಾನ ವಾರಕ್ಕೊಮ್ಮೆ ಬಂದು, ಕಾಫಿ ಕುಡಿಯದೆ, ಅದರ ಧೂಳು ಒರೆಸಿ ಹೋಗುತ್ತಾನೆ. ಇವುಗಳ ಮಧ್ಯೆ ಒಬ್ಬ ಹಲ್ಲಿನ ಡಾಕ್ಟರ ಎಪ್ಪತ್ತು ವರ್ಷದ ಮನೆ ಮಾರಾಟಕ್ಕಿತ್ತು. ನೆಲ ಒಂದು ಕಡೆಗೆ ಇಳಿಜಾರು, ಕಿಟಕಿಗಳು ಕಿರುಗುಟ್ಟುತ್ತವೆ, ಮಹಡಿಗೆ ಮೆಟ್ಟಿಲು ಹೊರಗಿನಿಂದ. ನನ್ನ ಭಾಷೆಯಲ್ಲಿ ಹೇಳುವುದಾದರೆ, "ಒಳ್ಳೇ ಗಾಳಿ".

ಅಕ್ಕ ಒಳಗೆ ಕಾಲಿಟ್ಟವಳೇ ಮುಂದಿನ ಹಾಲನ್ನು ನೋಡಿ ನಿಂತುಬಿಟ್ಟಳು. ಹದಿನೆಂಟು ಅಡಿ ಉದ್ದ, ಎರಡು ಕಡೆಯಿಂದ ಬೆಳಕು. ಮನೆ ತೋರಿಸಲು ಡಾಕ್ಟರೇ ಬಂದಿದ್ದರು, ಅವರು ಹಲ್ಲು ಕೀಳುತ್ತಿದ್ದ ಕುರ್ಚಿ ಇನ್ನೂ ಒಂದು ಮೂಲೆಯಲ್ಲಿತ್ತು. "ಇಲ್ಲಿ ಮೇಜು, ಅಲ್ಲಿ ಮಿಷಿನ್ನು, ಆ ಕುರ್ಚಿ ಇರ್ಲಿ ಡಾಕ್ಟ್ರೇ, ಗಿರಾಕಿಗಳಿಗೆ!" ಎನ್ನುತ್ತಾ ಗಿರಗಿರನೆ ತಿರುಗಿದಳು. ಅವಳ ಉತ್ಸಾಹ ಕಂಡು ನಾನು ಟೇಪನ್ನು ಜೇಬಿಗಿಳಿಸಿದೆ, ಏಕೆಂದರೆ ನಾನು ಬರುವಾಗಲೇ ಬಾಗಿಲು ಅಳೆದಾಗಿತ್ತು.

"ಅಕ್ಕಾ, ಮೂವತ್ನಾಲ್ಕು," ಎಂದೆ ಮೆಲ್ಲಗೆ.

ಅವಳ ಮುಖ ಸಪ್ಪಗಾಯಿತು. ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಳು. ನಿಂತವಳು ಹಾಗೇ ಕುಕ್ಕರುಗಾಲಲ್ಲಿ ಕೂತಳು. ಹೊಸ್ತಿಲ ಕಲ್ಲು ಎಪ್ಪತ್ತು ವರ್ಷದ ಕಾಲ್ತುಳಿತಕ್ಕೆ ಸವೆದು ತಗ್ಗಾಗಿತ್ತು. ಆ ತಗ್ಗಿನಲ್ಲಿ ಬೆರಳಾಡಿಸಿದಳು.

"ಲೋ, ಇದು ಮಧ್ಯದಲ್ಲಿಲ್ಲ."

"ಯಾವುದು?"

"ಸವೆದಿರೋ ಜಾಗ. ಬಾಗಿಲ ಮಧ್ಯದಲ್ಲಿ ತಾನೇ ಜನ ಓಡಾಡೋದು? ಇದು ಮೂರಿಂಚು ಬಲಕ್ಕಿದೆ. ಪ್ಯಾಂಟಿನ ಇಸ್ತ್ರಿ ಗೆರೆ ಮಧ್ಯದಲ್ಲಿಲ್ಲ ಅಂದ್ರೆ ಏನರ್ಥ? ಒಂದು ಕಡೆ ಒಳಗೆ ಹಿಡಿದಿದಾರೆ ಅಂತ!" ಎದ್ದು ಬಲಗಡೆಯ ಗೋಡೆಯನ್ನು ತಟ್ಟಿದಳು. "ಡಾಕ್ಟ್ರೇ, ಈ ಬಾಗಿಲನ್ನ ಯಾರೋ ಚಿಕ್ಕದು ಮಾಡಿದಾರೆ."

ಡಾಕ್ಟರು ಕನ್ನಡಕ ಏರಿಸಿದರು. "ನಲವತ್ತು ವರ್ಷದಿಂದ ಇದ್ರಲ್ಲೇ ಓಡಾಡ್ತಿದೀನಿ, ನನಗೇ ಗೊತ್ತಿಲ್ವಲ್ಲಮ್ಮಾ!" ಎಂದು ಒಳಗೆ ಹೋಗಿ ಹಲ್ಲು ನೋಡುವ ಪುಟ್ಟ ಕನ್ನಡಿ ತಂದರು. ಅದರ ಹಿಡಿಯಿಂದ ಗೋಡೆಯನ್ನು ಟಕ್ ಟಕ್ ಎಂದು ಬಡಿಯುತ್ತಾ, ಕಿವಿ ಕೊಟ್ಟು ಕೇಳುತ್ತಾ ಸರಿದರು. ಚೌಕಟ್ಟಿನ ಪಕ್ಕ ಅಂಗೈಯಗಲದ ಜಾಗದಲ್ಲಿ ಸದ್ದು ಬದಲಾಯಿತು. "ಟೊಳ್ಳು!" ಎಂದು ಕೂಗಿದರು. ತಮ್ಮ ಇಡೀ ವೃತ್ತಿಜೀವನದಲ್ಲಿ ಅವರು ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿರಲಾರರು.

"ಮನೆ ನಮ್ಮದು," ಎಂದುಬಿಟ್ಟಳು ಅಕ್ಕ.

ನನ್ನ ಪಿತ್ತ ನೆತ್ತಿಗೇರಿತು. ಗೋಡೆ ಒಡೆದು ನೋಡದೆ, ಮಾತುಕತೆ ಆಡದೆ, ಬ್ರೋಕರ್ ತಮ್ಮನ ಎದುರಿಗೇ ಹೀಗೆ ಒಪ್ಪಿಕೊಳ್ಳುವುದೇ? ಅಕ್ಕ ಕೇಳಲಿಲ್ಲ. "ಒಳಗೆ ಬಟ್ಟೆ ಬಿಟ್ಟಿರೋ ಮನೆ ಕಣೋ ಇದು," ಎಂದಳು.

ಮನೆ ಅವರ ಹೆಸರಿಗಾಯಿತು. ಗಾರೆಯವರು ಬಂದು ಗೋಡೆ ಒಡೆದರೆ, ಒಳಗೆ ಸಡಿಲವಾಗಿ ಜೋಡಿಸಿದ ಆರಿಂಚು ಇಟ್ಟಿಗೆ, ಅದರಾಚೆ ಹಳೆಯ ಚೌಕಟ್ಟಿನ ಕಂಬ, ಅಕ್ಕ ಹೇಳಿದ ಹಾಗೇ! ಎಲ್ಲ ತೆಗೆದ ಮೇಲೆ ನನ್ನ ಸ್ಟೀಲ್ ಟೇಪಿನಲ್ಲಿ ಸರಿಯಾಗಿ ನಲವತ್ತು ಇಂಚು ಬಂತು. ಅರ್ಧ ಇಂಚು ಮಿಗುತ್ತಿತ್ತು. ಫೋನಿನಲ್ಲಿ ಹೇಳಿದಾಗ ಆ ಕಡೆ ಅಕ್ಕ ಕುಣಿಯುವ ಸದ್ದು ಕೇಳಿಸಿತು.

ಸಾಮಾನು ಸಾಗಿಸುವ ದಿನ ಮಧ್ಯಾಹ್ನ ನಾಲ್ಕು ಜನ ಆಳುಗಳು ಮೇಜನ್ನು ಮಗ್ಗುಲಾಗಿಸಿ ಹೊತ್ತು ತಂದರು. ಹೊಸ ಬಾಗಿಲು ಕೂರಿಸಲು ಅದೇ ಬಡಗಿ ಗರಗಸ ಸಮೇತ ಬಂದು ಕೂತಿದ್ದ. ಮೇಜಿನ ಮೂತಿ ಚೌಕಟ್ಟಿಗೆ ಬಂತು. ಗಟ್ಟಿಯಾಗಿ ಕೂತಿತು. ನಿಂತಿತು. ತಳ್ಳಿದರೂ ಇಲ್ಲ, ಎಳೆದರೂ ಇಲ್ಲ. ಹಳೆ ಅಂಗಡಿಯನ್ನು ಮರುದಿನ ಬೆಳಿಗ್ಗೆ ಕೆಡವುವವರಿದ್ದರು, ವಾಪಸ್ಸು ಒಯ್ಯುವಂತಿರಲಿಲ್ಲ. ಬಡಗಿ ಮೆಲ್ಲನೆ ಎದ್ದು ಗರಗಸದ ಧೂಳು ಕೊಡವಿದ.

"ಮುಟ್ಟಿದ್ರೆ ನೋಡು!" ಎಂದು ಅಕ್ಕ ಮೇಜಿಗೆ ಅಡ್ಡ ನಿಂತಳು.

ನಾನು ಸ್ಟೀಲ್ ಟೇಪು ಎಳೆದು ಮೇಜನ್ನು ಅಳೆದೆ. ನಲವತ್ತೂ ಕಾಲು! ಅಕ್ಕ ತನ್ನ ಟೇಪು ಹಿಡಿದಳು. ಮೂವತ್ತೊಂಬತ್ತೂವರೆ! ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ವರ್ಷಗಟ್ಟಲೆ ಜಗ್ಗಿ ಜಗ್ಗಿ ಅವಳ ಬಟ್ಟೆ ಟೇಪು ಮುಕ್ಕಾಲು ಇಂಚು ಹಿಗ್ಗಿಬಿಟ್ಟಿತ್ತು. ಅದರಲ್ಲಿ ಏನನ್ನು ಅಳೆದರೂ ಕಡಿಮೆ ತೋರಿಸುತ್ತಿತ್ತು. ಮೇಜನ್ನಷ್ಟೇ ಅಲ್ಲ, ಜನರ ಸೊಂಟವನ್ನೂ.

ತಟ್ಟನೆ ನನ್ನ ತಲೆಗೆ ಹೊಳೆಯಿತು. "ಅಕ್ಕಾ! ನಿನ್ನ ಅಂಗಡಿಯಿಂದ ಎಲ್ಲ ಯಾಕೆ ನಗ್ತಾ ಹೋಗ್ತಿದ್ರು ಗೊತ್ತಾಯ್ತು! ನೀನು ಊರಿಗೆಲ್ಲ ಸೊಂಟ ಇಳಿಸಿದೀಯ!"

ಅಕ್ಕ ಒಂದು ಕ್ಷಣ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಶುರುವಾಯಿತು ನೋಡಿ ನಗು. ಅವಳು ನಕ್ಕಳು, ನಾನು ನಕ್ಕೆ, ಮೇಜು ಹಿಡಿದಿದ್ದ ಆಳುಗಳು ನಕ್ಕು ಕೈ ಸಡಿಲ ಬಿಟ್ಟರು. ಮೇಜು ಮಾತ್ರ ಬೀಳಲಿಲ್ಲ, ಅಷ್ಟು ಭದ್ರವಾಗಿ ಸಿಕ್ಕಿಕೊಂಡಿತ್ತು. ಭಾವ ತಮ್ಮ ಹೊಟ್ಟೆಯನ್ನು ಗಂಭೀರವಾಗಿ ನೋಡಿಕೊಂಡರು.

ನಗದೇ ಇದ್ದವರು ಡಾಕ್ಟರೊಬ್ಬರೇ. ಮಂಡಿನೋವಿಗೆ ಲಿಫ್ಟ್ ಇರುವ ಮನೆಗೆ ಹೋಗುತ್ತಿದ್ದ ಅವರು ಬೀಗದ ಕೈ ಕೊಡಲು ಬಂದಿದ್ದರು. ಚೌಕಟ್ಟಿನ ಎಡಗಂಬವನ್ನು ಉಗುರಿನಿಂದ ಕೆರೆದು ನೋಡಿ, "ಎಪ್ಪತ್ತು ವರ್ಷದ ಬಣ್ಣ, ಒಂದರ ಮೇಲೊಂದು. ಇದು ಪಾಚಿ ಕಣಮ್ಮಾ, ಹಲ್ಲಿನ ಮೇಲೆ ಕಟ್ಟುತ್ತಲ್ಲ, ಹಾಗೆ. ಮೇಜು ಸ್ವಲ್ಪ ಹಿಂದಕ್ಕೆ ತಗೊಳ್ಳಿ," ಎಂದು ಕೋಟು ಕಳಚಿ, ಚೀಲದಿಂದ ಹಲ್ಲು ಕೆರೆಯುವ ಆಯುಧ ತೆಗೆದರು. ಆಳುಗಳು ಮೇಜನ್ನು ಅಲುಗಿಸಿ ಅಲುಗಿಸಿ ಹೇಗೋ ಹಿಂದಕ್ಕೆ ಬಿಡಿಸಿಕೊಂಡರು. ಡಾಕ್ಟರು ಬಡಗಿಗೆ ಉಳಿ ಹಿಡಿಸಿದರು, ನನಗೆ ಚಾಕು ಕೊಟ್ಟರು. ಕೆರೆದೆವು. ಹಸಿರು ಉದುರಿತು, ಅದರಡಿಯ ನೀಲಿ ಉದುರಿತು, ಹಳದಿ, ಬಿಳಿ, ಮತ್ತೆ ಹಸಿರು. "ಬಾಯಿ ದೊಡ್ಡದು ಮಾಡಿ," ಎಂದು ಡಾಕ್ಟರು ಅಭ್ಯಾಸಬಲದಿಂದ ಬಾಗಿಲಿಗೇ ಹೇಳಿದರು. ಒಂದು ಗಂಟೆಯ ಮೇಲೆ ಕೆಂಪು ಮರ ಕಾಣಿಸಿತು. ಮೇಜು ಜಾರಲೆಂದು ಅಕ್ಕ ಬಟ್ಟೆಗೆ ಗುರುತು ಹಾಕುವ ಸೋಪಿನ ಚೂರನ್ನು ಅದರ ಅಂಚಿಗೆಲ್ಲ ಉಜ್ಜಿದಳು.

ಆಗ ಭಾವ ಮುಂದೆ ಬಂದರು. ಗಂಟಲು ಸರಿ ಮಾಡಿಕೊಂಡು, ಬೀದಿಯ ತುದಿಯ ನಾಯಿ ಸಲೂನಿನವರೆಗೂ ಕೇಳುವಂತೆ ಘೋಷಿಸಿದರು: "ಪ್ರಯಾಣಿಕರ ಗಮನಕ್ಕೆ! ಒಂದು ಗಂಟೆ ತಡವಾಗಿ ಬರುತ್ತಿರುವ ಮೇಜು, ಇನ್ನು ಕೆಲವೇ ಕ್ಷಣಗಳಲ್ಲಿ ಒಂದನೇ ಬಾಗಿಲಿಗೆ ಆಗಮಿಸಲಿದೆ. ದಯವಿಟ್ಟು ಕೈಕಾಲುಗಳನ್ನು ದೂರವಿಡಿ!"

ಮೇಜು ಎರಡೂ ಕಡೆ ಮರಕ್ಕೆ ಮರ ಉಜ್ಜಿಕೊಂಡು, ಕುಯ್ಯೋ ಎಂದು ಕೂಗುತ್ತಾ, ಒಳಗೆ ಜಾರಿತು. ಇಡಿಯಾಗಿ.

ಅಕ್ಕ ಅದರ ಮೇಲೆ ಹತ್ತಿ ಕಾಲು ಇಳಿಬಿಟ್ಟು ಕೂತಳು. ಐವತ್ತರ ಹೆಂಗಸು, ಮಗುವಿನ ಹಾಗೆ ಕಾಲಾಡಿಸುತ್ತಿದ್ದಳು. ನಾನು ನನ್ನ ಸ್ಟೀಲ್ ಟೇಪು ಅವಳ ಮಡಿಲಿಗೆ ಹಾಕಿದೆ. "ಆ ಲಾಡಿ ಬಿಸಾಕು. ಇದನ್ನಿಟ್ಕೋ."

"ಬಾಗಿಲಿಗೆ ನಿಂದು ಇರ್ಲಿ," ಎಂದು ಅವಳು ಹಳೆಯ ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು. "ಜನಕ್ಕೆ ಇದೇ." ಆಮೇಲೆ ಗಂಡನ ಕಡೆ ತಿರುಗಿ, "ಏನ್ರೀ, ಮನೆ ಹಿಡಿಸ್ತಾ?" ಎಂದು ಕೇಳಿದಳು.

ಭಾವ ಈ ಸಲ ಕೈ ತೋರಿಸಲಿಲ್ಲ. "ಹಿಡಿಸ್ತು ಕಣೇ. ನಾನು ಹಿಡಿಸ್ತೀನಾ ಅಲ್ಲಿ?" ಎಂದರು.

"ಸರಿದು ಕೂತ್ರೆ ಎಲ್ಲರೂ ಹಿಡಿಸ್ತೀವಿ. ಲೋ, ನೀನೂ ಬಾ. ಡಾಕ್ಟ್ರೇ, ಅಲ್ಲೇ ನಿಂತ್ರಲ್ಲಾ? ಮಂಡಿನೋವಿದ್ರೇನು, ಇವನು ಎತ್ತಿ ಕೂರಿಸ್ತಾನೆ!"

ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಡಾಕ್ಟರನ್ನು ನಾನು ಎತ್ತಿ ಕೂರಿಸಿದೆ. ನಾನೂ ಹತ್ತಿದೆ. ಒಂಬತ್ತು ಅಡಿಯಲ್ಲಿ ನಾವು ನಾಲ್ಕೂ ಜನ ಸಾಲಾಗಿ ಹಿಡಿಸಿದೆವು, ಆ ತುದಿಯಲ್ಲಿ ಇನ್ನೂ ಒಬ್ಬರು ಕೂರುವಷ್ಟು ಜಾಗ ಮಿಕ್ಕಿತ್ತು.