ಅಣ್ಣನ ಭಾಷಣಕ್ಕೆ ಒಂದು ಪ್ರಶ್ನೆ

ನನ್ನ ಶಾಲೆ ಮೂರನೇ ಇಯತ್ತೆಗೇ ಮುಗಿಯಿತು. ಅಣ್ಣ ಮಾತ್ರ ಅಂಕೋಲೆಯಿಂದ ಮುಂಬಯಿಗೆ ಹೋಗಿ ಭೌತಶಾಸ್ತ್ರ ಕಲಿತ.

ಒಂದು ನಕ್ಷತ್ರವನ್ನು ಅವ ಹಟ ಹಿಡಿದು ನೋಡಿದ್ದ. ಅದರ ಬೆಳಕು ಆಗಾಗ ಕುಂದುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಬೇಸಿಗೆ ರಜೆಯಲ್ಲಿ ಬೇರೆ ಬೇರೆ ಊರಿನ ಪ್ರೊಫೆಸರುಗಳು ಮುಂಬಯಿಯಲ್ಲಿ ಕೂಡುವವರಿದ್ದರು. ಅವರೆದುರು ನಿಂತು ಕಂಡದ್ದನ್ನು ಹೇಳಬೇಕು. ಒಪ್ಪಿದರೆ ಸಂಶೋಧನೆಗೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಕಾರವಾರದ ಕಚೇರಿಯಲ್ಲಿ ಕಾರಕೂನಿಕೆ. ಅವನಿಗೆ ಅದು ಬೇಡವಾಗಿತ್ತು.

ಊರಿಗೆ ಬಂದವ ಹಿತ್ತಲ ಜಗಲಿಯಲ್ಲಿ ನಿಂತು ಭಾಷಣದ ತಾಲೀಮು ಮಾಡುತ್ತಿದ್ದ. ನಾನು ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದೆ. ಮೊದಲು ಇಂಗ್ಲಿಷು, ಆಮೇಲೆ ನನಗಾಗಿ ಕನ್ನಡ. ಅಲ್ಲಿರುವುದು ಒಂದಲ್ಲ, ಎರಡು. ಮಂಕಾದದ್ದು ಬೆಳಗುವುದರ ಮುಂದೆ ಅಡ್ಡ ಬರುತ್ತದೆ ಎಂದು ದೀಪದ ಮುಂದೆ ಕರಟ ಹಿಡಿದು ತೋರಿಸುತ್ತಿದ್ದ. ಮುಗಿಸಿ ಕೈ ಕಟ್ಟಿ ನಿಲ್ಲುತ್ತಿದ್ದ.

“ಈಗೆಂತ?” ಅಂದೆ.

“ಈಗ ಸಭೆಯವರು ಪ್ರಶ್ನೆ ಕೇಳಬೇಕು. ನೀನೇ ಸಭೆ.”

“ಸಭೆಗೆ ಕೆಲಸ ಉಂಟು.”

“ಆ ಪ್ರೊಫೆಸರುಗಳೇ ವಾಸಿ ಮಾರಾಯ್ತಿ, ತಲೆಯನ್ನಾದರೂ ಎತ್ತಿಯಾರು.”

“ಆಯ್ತು. ಎರಡನೆಯದು ಕಣ್ಣಿಗೇ ಕಾಣದಿದ್ದರೆ, ಅದು ಉಂಟು ಅಂತ ನಿನಗೆ ಹೇಗೆ ಗೊತ್ತು?”

“ಮೊದಲನೆಯದು ಮಂಕಾಗ್ತದಲ್ಲ, ಅದರಿಂದ,” ಅನ್ನುತ್ತಿದ್ದ. ದಿನಾ ಇದೇ ಪ್ರಶ್ನೆ, ದಿನಾ ಇದೇ ಉತ್ತರ. ಅವನಿಗೆ ಬೇಸರ ಬರಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಮಳೆಗಾಲಕ್ಕೆ ಮುಂಚೆ ಉಳಿದದ್ದು ಒಂದೇ ಮುಹೂರ್ತ, ಅದು ಅವನ ಭಾಷಣದ ದಿನವೇ. ಹೋಮದಲ್ಲಿ ಮದುಮಗಳ ಬೊಗಸೆಗೆ ಅರಳು ಹಾಕಬೇಕಾದವ ಅವಳ ಅಣ್ಣ.

“ದೊಡ್ಡಪ್ಪನ ಮಗ ಹಾಕಲಿ, ಅರಳು ಯಾರು ಹಾಕಿದರೂ ಅರಳೇ,” ಅಂದೆ.

“ಬಾಯಿ ಮುಚ್ಚು,” ಅಂದ ಅಪ್ಪ. “ಒಡಹುಟ್ಟಿದ ಅಣ್ಣ ಬದುಕಿರುವಾಗ ಬೇರೆಯವರ ಕೈಯಲ್ಲಿ ಹಾಕಿಸಿದರೆ ಬೀಗರು ಎಂತ ಅಂದಾರು?”

ಅಣ್ಣ ಬರಲಾಗದೆಂದು ತನ್ನ ಕಾಲೇಜಿನ ಪ್ರೊಫೆಸರರಿಗೆ ತಾರು ಕೊಟ್ಟ. ಮಳೆ ಮುಗಿದ ಮೇಲೆ ಬಾ, ಕಾಲೇಜಿನಲ್ಲೇ ಒಂದು ಸಭೆ ಕರೆಯುತ್ತೇನೆ ಎಂದು ಅವರ ಉತ್ತರ ಬಂತು. ಮದುವೆಯ ದಿನ ಅವ ನನ್ನ ಬೊಗಸೆ ತುಂಬ ಅರಳು ಹಾಕಿದ. ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕಡಲು ಕೆರಳಿ ಮುಂಬಯಿಗೆ ಹೋಗುವ ಆಗಬೋಟು ಮಳೆಗಾಲಕ್ಕೆ ನಿಂತಿತು. ಅವ ಅಂಕೋಲೆಯಲ್ಲೇ ಕಾದ. ಶ್ರಾವಣದಲ್ಲಿ ವಿಷಮಜ್ವರ ಹಿಡಿಯಿತು. ನಾನು ಕಾರವಾರದ ಗಂಡನ ಮನೆಯಿಂದ ಗಾಡಿಯಲ್ಲಿ ನೆನೆಯುತ್ತ ಬಂದೆ. ಕಂಬಳಿಯೊಳಗೆ ಅವ ಇಂಗ್ಲಿಷಿನಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ.

“ಜ್ವರ ನೆತ್ತಿಗೇರಿದೆ ಮಗಾ, ಏನೇನೋ ಬಡಬಡಿಸ್ತಾನೆ,” ಎಂದು ಹೆತ್ತ ಆಯಿ ಅತ್ತಳು.

ಬಡಬಡಿಕೆ ಅಲ್ಲ ಅದು. ನನಗೆ ಅರ್ಥವಾಗದಿದ್ದರೂ ಅದರ ಏರಿಳಿತ ಬಾಯಿಪಾಠವಾಗಿತ್ತು. ಅವ ಕೊನೆಯ ತನಕ ಹೇಳಿದ. ಎದೆಯ ಮೇಲೆ ಕೈ ಕಟ್ಟಿಕೊಂಡ. ಕಾಯುತ್ತಿದ್ದ.

ಕಿವಿಯ ಹತ್ತಿರ ಬಗ್ಗಿ ಕೇಳಿದೆ: “ಎರಡನೆಯದು ಕಾಣದಿದ್ದರೆ, ಉಂಟು ಅಂತ ನಿನಗೆ ಹೇಗೆ ಗೊತ್ತು ಅಣ್ಣಾ?”

ಅವನ ತುಟಿ ಅಲ್ಲಾಡಿತು. ಉತ್ತರ ಬರಲಿಲ್ಲ. ಮರುದಿನ ಹೋದ.

ಮಳೆ ಮುಗಿದು ಮೊದಲ ಆಗಬೋಟು ಬೈತಖೋಲ ಬಂದರಿನಲ್ಲಿ ಕೂಗಿದಾಗ ನಾನು ಗಂಡನ ಮನೆಯ ಹಿತ್ತಲಲ್ಲಿ ಕಾಯಿ ಹೆರೆಯುತ್ತಿದ್ದೆ. ಊರಿನ ಮಕ್ಕಳೆಲ್ಲ ನೋಡಲು ಓಡಿದರು. ನಾನು ತಲೆ ಎತ್ತಲಿಲ್ಲ.