ಅಕ್ಕ ಒಪ್ಪದ ಕೊನೆಗಳು

ಹೋದ ತಿಂಗಳು ಕನ್ನಡಕದ ನಂಬರು ಬದಲಾಯಿಸಲು ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಹೊಸ ಗಾಜಿನ ಮೇಲೆ ಪುಸಕ್ಕನೆ ದ್ರಾವಣ ಹೊಡೆದು, ಮೆತ್ತನೆ ಬಟ್ಟೆಯಿಂದ ಒರೆಸಿ, ನನ್ನ ಮುಂದೆ ಹಿಡಿದಳು. ಸ್ಪಿರಿಟ್ಟಿನಂಥ, ತುಸು ನಿಂಬೆಯಂಥ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಅಕ್ಕ ನೆನಪಾದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಿಡಿಯೋ ಗೇಮಿನ ಡಿಸ್ಕೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಂಥದೇ ದ್ರಾವಣದಲ್ಲಿ ಒರೆಸುತ್ತಿದ್ದ ಅಕ್ಕ...

ಒಡಹುಟ್ಟಿದವಳಲ್ಲ. ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದವಳು. ಕುರುಗೋಡಿನ ಹೆಣ್ಣುಮಗಳು, ಬಳ್ಳಾರಿಗೆ ಕೊಟ್ಟಿದ್ದರು. ಗಂಡನ ಮನೆ ಬಿಟ್ಟು ಬರುವಾಗ ಅವಳ ಜೊತೆ ಬಂದದ್ದು ಎರಡು ಸೂಟ್‌ಕೇಸು ಮತ್ತು ಹಳೇ ಸೀರೆಯಲ್ಲಿ ಸುತ್ತಿದ ಒಂದು ಗೇಮ್ ಪೆಟ್ಟಿಗೆ. ಕೂಸನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ನಮ್ಮವ್ವ ಅದು ಮಿಕ್ಸರ್ ಇರಬೇಕೆಂದುಕೊಂಡಿದ್ದಳು. ಅಕ್ಕ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಾಜು ಒರೆಸುವ ದ್ರಾವಣದ ಬಾಟಲಿ ಕೋಣೆಗೆ ಬಂದದ್ದು ಹಾಗೆ.

ನಾನಾಗ ಡಿಗ್ರಿ ಮೊದಲ ವರ್ಷ. ಅಕ್ಕನಿಗೆ ಮೂವತ್ತರ ಆಸುಪಾಸು. ಮೊದಲ ಸಲ ಮೇಲೆ ಹೋದಾಗ, ಅವ್ವ ಕೊಟ್ಟ ಮಂಡಕ್ಕಿ ಒಗ್ಗರಣೆಯ ತಟ್ಟೆ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಟೀವಿಯ ತುಂಬ ನೀರು. ನೀರಿನಲ್ಲಿ ಮುಳುಗಿದ ಊರು, ಮೇಲೆ ಬರೀ ಮಾಳಿಗೆಗಳು, ಅವುಗಳ ನಡುವೆ ದೋಣಿ ನಡೆಸುತ್ತ ಹೋಗುವ ಒಬ್ಬ ಹೆಂಗಸು. ಅಕ್ಕ ತಿರುಗಿ ನೋಡದೇ, "ಬಾ ಲೇ, ಕುಂದ್ರು. ಈಕಿ ತಂಗಿ ಕಳಕೊಂಡಾಳ, ಹುಡುಕಾಕ ಹೊಂಟಾಳ," ಅಂದಳು. ಒಗ್ಗರಣೆ ಆರಿ ತಣ್ಣಗಾಯಿತು. ನಾನು ಅಂದಿನಿಂದ ಆ ಕೋಣೆಯವಳಾದೆ.

ಅದಕ್ಕೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಬಾಯಲ್ಲಿ ಅದು ದೋಣಿ ಆಟ. ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, ಭಾನುವಾರಗಳಲ್ಲಿ, ಕರೆಂಟು ಇದ್ದಷ್ಟು ಹೊತ್ತು ಆಡುತ್ತಿದ್ದೆವು. ದೋಣಿ ಬಹಳ ನಿಧಾನ. ಹುಟ್ಟು ಹಾಕುವ ಗುಂಡಿಯನ್ನು ಎಡ, ಬಲ, ಎಡ, ಬಲ ಎಂದು ಒತ್ತುತ್ತಲೇ ಇರಬೇಕು. ನನಗೆ ಬೇಸರ ಬಂದರೆ ಅಕ್ಕ ಬಯ್ಯುತ್ತಿದ್ದಳು. "ತಂಗಿನ್ನ ಹುಡುಕೋದು ಅಂದ್ರ ಸುಮ್ಮನ ಆತೇನು? ತೋಳು ನೋಯಬೇಕು."

ಆಟದ ಹುಚ್ಚು ಅವಳಿಗೆ ಹತ್ತಿದ್ದು ಗಂಡನ ಮನೆಯಲ್ಲಿ. ಅದನ್ನು ಅವಳು ಒಮ್ಮೆ ಮಾತ್ರ ಹೇಳಿದಳು. ಆತ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ, ಅಂಗಡಿಯಿಂದ ಬರುವುದು ತಡವಾದರೆ, ತವರಿನಿಂದ ಯಾರಾದರೂ ಬಂದು ಹೋದರೆ... ಮಾತು ಬಂದ್. ಒಂದು ವರ್ಷ ಯುಗಾದಿಗೆ ಬಿಟ್ಟ ಮಾತು ದಸರಾಕ್ಕೆ ತಿರುಗಿ ಬಂತಂತೆ. ಅಂಗಡಿಯ ಜೊತೆಗಾತಿಯೊಬ್ಬಳ ತಮ್ಮ ಮಾರುತ್ತಿದ್ದ ಹಳೇ ಗೇಮ್ ಪೆಟ್ಟಿಗೆಯನ್ನು ಅಕ್ಕ ಕೊಂಡದ್ದು ಆ ಬೇಸಿಗೆಯಲ್ಲೇ. "ಆ ಆಟದಾಗಿನ ಮಂದಿ ನನ್ನ ಕೂಡ ಮಾತಾಡ್ತಿದ್ರು ಲೇ. ಇಂಗ್ಲಿಷಿನಾಗ ಮಾತಾಡಿದ್ರ ಏನಾತು, ಮಾತು ಮಾತನ," ಅಂದಳು. ಆಮೇಲೆ ಡಿಸ್ಕ್ ಒರೆಸಲು ಕೂತಳು.

ಅಕ್ಕನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಹೊಸ ಆಟ ಬಿಡುಗಡೆಯಾದರೆ ಫೋನಿನಲ್ಲಿ ಅದರ ತುಣುಕು ನೋಡಿ, ಅಡುಗೆ ಮಾಡುತ್ತಲೇ ತೀರ್ಪು ಕೊಡುತ್ತಿದ್ದಳು. ಎರಡನೇ ಭಾಗಗಳೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಕಥೆ ಉಳಿದಿದೆ ಎಂದು ಮಾಡಿದ್ದಾರೋ, ಮೊದಲನೆಯದು ಚೆನ್ನಾಗಿ ಖರ್ಚಾಯಿತೆಂದು ಮಾಡಿದ್ದಾರೋ ಎಂಬುದು ಶುರುವಿನ ಅರ್ಧ ತಾಸಿನಲ್ಲೇ ಗೊತ್ತಾಗುತ್ತದೆ ಅನ್ನುತ್ತಿದ್ದಳು. ಹಳೇ ಆಟಗಳನ್ನೇ ಹೊಸದಾಗಿ ಮಾಡಿ ಮಾರುವುದನ್ನು ಕಂಡರಂತೂ ಒಲೆಯ ಮೇಲಿನ ರೊಟ್ಟಿ ಮರೆತು ಮಾತಾಡುತ್ತಿದ್ದಳು. "ಹಳೇ ಕಲ್ಲಿನ ಗುಡಿಗೆ ಆಯಿಲ್ ಪೇಂಟ್ ಹೊಡದಂಗ ಆಕ್ಕೈತಿ ನೋಡು. ಮಿಂಚತೈತಿ, ಖರೆ. ಕೆತ್ತಿದ್ದೆಲ್ಲಾ ಮುಚ್ಚಿ ಹೋಕ್ಕೈತಿ." ಆದರೆ ಅಂಥ ಆಟ ಬಂದರೆ ಬಿಡುತ್ತಿರಲಿಲ್ಲ, ಪೂರ್ತಿ ಆಡುತ್ತಿದ್ದಳು. ಆಡದೇ ಬಯ್ಯುವುದು ಅನ್ಯಾಯವಂತೆ.

ಇನ್ನು ದೋಣಿ ಆಟ... ಅದನ್ನು ನಾವು ಮುಗಿಸಿದ್ದು ಒಂದು ಶ್ರಾವಣದ ಭಾನುವಾರ. ಕೊನೆಗೆ ಆ ಹೆಂಗಸು ಗುಡ್ಡದ ಮೇಲಿನ ಒಂದು ಮನೆ ಮುಟ್ಟುತ್ತಾಳೆ. ಒಳಗೆ ದೀಪ ಉರಿಯುತ್ತಿದೆ. ಬಾಗಿಲು ನೂಕುತ್ತಾಳೆ. ಪರದೆಯ ತುಂಬ ಬಿಳಿ ಬೆಳಕು, ಆಮೇಲೆ ಆಟ ಮಾಡಿದವರ ಹೆಸರುಗಳು. ಅಷ್ಟೇ. ತಂಗಿ ಒಳಗಿದ್ದಳೋ ಇಲ್ಲವೋ, ಬದುಕಿದ್ದಳೋ ಸತ್ತಿದ್ದಳೋ, ಏನೂ ಇಲ್ಲ. ಅಕ್ಕ ಹೆಸರುಗಳೆಲ್ಲ ಹರಿದು ಮುಗಿಯುವವರೆಗೂ ಕಾದಳು, ಆಮೇಲೇನಾದರೂ ತೋರಿಸಬಹುದು ಎಂದು. ತೋರಿಸಲಿಲ್ಲ. ಕೈಯಲ್ಲಿದ್ದ ಕಂಟ್ರೋಲರನ್ನು ನೆಲಕ್ಕಿಟ್ಟು, "ಸುಖವಾಗಿ ಮುಗಿಸ್ರಿ ಅಂತ ಕೇಳಿಲ್ಲ ನಾನು," ಅಂದಳು. "ಸತ್ತಿದ್ರ ಸತ್ತಾಳಂತ ಹೇಳ್ರಿ, ಅಳ್ತೀನಿ. ಬಾಗಲದ ತನಕ ಕರಕೊಂಡು ಬಂದು ಮಖಕ್ಕ ಲೈಟ್ ಬಿಡ್ತಾರ?" ಎರಡು ದಿನ ಟೀವಿಯ ಮೇಲೆ ಟವೆಲ್ ಹೊದಿಸಿಟ್ಟಿದ್ದಳು. ಮುಂದೆ ಅದರ ಎರಡನೇ ಭಾಗ ಬಂದಾಗ ದೋಣಿಯೇ ಇರಲಿಲ್ಲ. ಯಾರೋ ಒಬ್ಬ ಗಡ್ಡದವನು, ಕೈಯಲ್ಲಿ ಬಂದೂಕು. ಅಕ್ಕ ಅದರ ಡಿಸ್ಕನ್ನು ಒಂದು ಸಲವೂ ಒರೆಸಲಿಲ್ಲ.

ದೋಣಿ ಆಟ ಮುಗಿಸಿದ ವರ್ಷದ ಚಳಿಗಾಲದಲ್ಲಿ ಹಿರಿಯರು ರಾಜಿಗೆ ಬಂದರು. ಕುರುಗೋಡಿನಿಂದ ಅಕ್ಕನ ದೊಡ್ಡಪ್ಪ, ಆ ಕಡೆಯಿಂದ ಆಕೆಯ ಗಂಡ ಮತ್ತು ಆತನ ಸೋದರಮಾವ. ಮೇಲಿನ ಕೋಣೆಯಲ್ಲಿ ಅಷ್ಟು ಜನಕ್ಕೆ ಜಾಗವಿಲ್ಲವೆಂದು ನಮ್ಮ ಪಡಸಾಲೆಯಲ್ಲೇ ಕೂತರು. ದೊಡ್ಡಪ್ಪನ ತಲೆಗೆ ಬಿಳಿ ಪಟಗ, ಹಣೆತುಂಬ ವಿಭೂತಿ. ಅಪ್ಪ ಸತ್ತ ಮೇಲೆ ಅಕ್ಕನನ್ನು ಸಾಕಿ ಮದುವೆ ಮಾಡಿದವರು ಅವರೇ. ಅವರ ಎದುರು ಅಕ್ಕ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಹೋಗು ಅಂದರೆ ಅಕ್ಕ ಹೋಗಿಬಿಡುತ್ತಾಳೆ ಎಂದು ಅವ್ವ ಅಡುಗೆಮನೆಯಲ್ಲಿ ನನಗೆ ಪಿಸುಗುಟ್ಟಿದಳು. ನಾನು ಚಹಾದ ಕಪ್ಪುಗಳನ್ನು ಹಿಡಿದು ಪಡಸಾಲೆಗೆ ಬಂದೆ.

ಸೋದರಮಾವ ಬಹಳ ಚೆನ್ನಾಗಿ ಮಾತಾಡಿದರು. ಆದದ್ದಾಯಿತು, ಹುಡುಗ ಈಗ ಬದಲಾಗಿದ್ದಾನೆ, ಇಬ್ಬರೂ ಎಲ್ಲ ಮರೆತು ಹೊಸದಾಗಿ ಶುರು ಮಾಡಲಿ ಎಂದರು. ದೊಡ್ಡಪ್ಪ ತಲೆಯಾಡಿಸಿ ಅಕ್ಕನ ಕಡೆ ನೋಡಿದರು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ನೇರವಾಗಿ ಗಂಡನನ್ನೇ ಕೇಳಿದಳು. "ಏನು ಬದಲಾಗೀರಿ? ನೀವ ಹೇಳ್ರಿ."

ಆತ ದೊಡ್ಡಪ್ಪನ ಮುಖ ನೋಡಿ, "ಮನಿ ಬದಲಿ ಮಾಡೀನ್ರಿ. ಗಾಳಿ ಬೆಳಕು ಐತಿ, ಟೈಲ್ಸ್ ಹಾಕ್ಸೀನಿ," ಅಂದ.

"ಮನಿ ಅಲ್ರಿ. ನಿಮ್ಮದು ಕೇಳಿದೆ."

ಆತ ಮತ್ತೆ ದೊಡ್ಡಪ್ಪನಿಗೇ ಹೇಳಿದ. "ಎ.ಸಿ. ಹಾಕ್ಸೀನಿ. ದೊಡ್ಡ ಟೀವಿ ತಂದೀನಿ, ಬೇಕಾದ್ರ ಆಟ ಆಡ್ಕೊಳ್ಳಲಿ, ನಾನೇನು ಬ್ಯಾಡ ಅನ್ನಾಂಗಿಲ್ರಿ."

ಅಕ್ಕ ಗೋಡೆ ಬಿಟ್ಟು ಮುಂದೆ ಬಂದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ದೊಡ್ಡಪ್ಪ, ಬಣ್ಣ ಹೊಸಾದು, ಆಟ ಹಳೇದ. ನಾ ಇದನ್ನ ಒಮ್ಮೆ ಪೂರಾ ಆಡೀನಿ. ಇದರ ಕೊನಿ ನನಗ ಗೊತ್ತೈತಿ."

"ಯಾವ ಆಟನವ್ವ?" ಅಂದರು ದೊಡ್ಡಪ್ಪ, ಏನೂ ತಿಳಿಯದೆ. ಅವ್ವ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಸೋದರಮಾವ, ಹೆಣ್ಣುಮಗಳಿಗೆ ಗೇಮಿನ ಹುಚ್ಚು ಹಿಡಿದು ತಲೆ ಕೆಟ್ಟಿದೆ ಎಂದು ಶುರು ಮಾಡಿದರು. ದೊಡ್ಡಪ್ಪ ಕೈಯೆತ್ತಿ ಅವರನ್ನು ತಡೆದರು. ಅವರ ಕಣ್ಣು ಅಳಿಯನ ಮೇಲಿತ್ತು.

"ಆಟ ಗೀಟ ನನಗ ತಿಳಿಯಂಗಿಲ್ಲ," ಅಂದರು. "ಆದ್ರ ಆಕಿ ನಿನ್ನ ಕೇಳಿದ್ರ ನೀ ನನ್ನ ಮಖ ನೋಡಿ ಹೇಳ್ತೀಯಲ್ಲಪ್ಪ. ಬಂದಾಗಿಂದ ನೋಡಾಕತ್ತೀನಿ. ಆಕಿ ಕೂಡ ಒಂದು ಮಾತು ಆಡಿಲ್ಲ ನೀನು."

ಆತ ಆಗಲಾದರೂ ಅಕ್ಕನ ಕಡೆ ತಿರುಗಿ ಒಂದು ಮಾತು ಹೇಳಬಹುದಿತ್ತು. ನಾನು ಕಪ್ಪು ಹಿಡಿದು ಕಾಯುತ್ತಿದ್ದೆ. ಆತ ಟೀಪಾಯಿಯನ್ನೇ ನೋಡುತ್ತ ಕೂತ. ಕಡೆಗೆ ದೊಡ್ಡಪ್ಪ ಪಟಗ ಸರಿಮಾಡಿಕೊಂಡು, "ಆತು, ಏಳ್ರಿ," ಅಂದರು. ಹೊರಡುವಾಗ ಅಕ್ಕನ ತಲೆಯ ಮೇಲೆ ಕೈಯಿಟ್ಟು, ಹೊಸ್ತಿಲು ದಾಟಿದರು. ಆ ದಿನ ಅಕ್ಕ ಬಹಳ ಅತ್ತಳು. ಸಂಜೆಗೆ ಮಿರ್ಚಿ ಬಜ್ಜಿ ತರಿಸಿ ಇಬ್ಬರೂ ತಿಂದೆವು.

ಬಿಡುಗಡೆಯ ಕಾಗದ ಕೋರ್ಟಿನಿಂದ ಬಂದು ಎರಡು ವರ್ಷವಾಗಿರಬೇಕು. ಸಿರುಗುಪ್ಪದ ಕಡೆಯವರೊಬ್ಬರು ಓದುವ ಕನ್ನಡಕ ಮಾಡಿಸಿಕೊಳ್ಳಲು ಅವಳ ಅಂಗಡಿಗೆ ಬಂದರು. ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಹೆಂಡತಿ ತೀರಿಹೋಗಿದ್ದರು. ಮಾತೆಂದರೆ ಅಂಥಿಂಥ ಮಾತಲ್ಲ. ಅಂದು ಅಕ್ಕ ಮೆಟ್ಟಿಲು ಹತ್ತುವ ಮೊದಲೇ ನನ್ನನ್ನು ಕೂಗಿದಳು. "ಲೇ, ಒಬ್ಬ ಬಂದಿದ್ದ. ಸೋನಾ ಮಸೂರಿ ಬಗ್ಗೆ ಅರ್ಧ ತಾಸು ಮಾತಾಡಿದ. ಕನ್ನಡಕ ಒಯ್ಯೋದು ಮರತು ಹೋದ." ಅವರು ಅದನ್ನು ಒಯ್ಯಲು ಬಂದರು. ಫ್ರೇಮು ಸಡಿಲವಾಯಿತೆಂದು ಬಂದರು. ಬಿಗಿಯಾಯಿತೆಂದು ಮತ್ತೆ ಬಂದರು.

ಮದುವೆಯ ಮಾತು ಬಂದಾಗ ನಾನು ಕೆಣಕಿದೆ. "ಎರಡನೇ ಭಾಗ ನಿನಗ ಸೇರಂಗಿಲ್ಲಲ್ಲಕ್ಕ?"

"ಎರಡನೇ ಭಾಗ ಯಾಕಾಕ್ಕೈತಿ? ಇದು ಬ್ಯಾರೆ ಆಟ," ಅಂದಳು, ಮುಖ ಕೆಂಪಗೆ ಮಾಡಿಕೊಂಡು.

ರಿಜಿಸ್ಟರ್ ಮದುವೆಗೆ ದೊಡ್ಡಪ್ಪ ಸಾಕ್ಷಿ ಹಾಕಿದರು. ಅಕ್ಕ ಸಿರುಗುಪ್ಪಕ್ಕೆ ಹೋದಳು, ಗೇಮ್ ಪೆಟ್ಟಿಗೆ ಅದೇ ಸೀರೆಯಲ್ಲಿ. ನಾನು ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತುತ್ತಿದ್ದೆ. ಕಾಲುವೆ ದಾಟಿ ಹಸಿರು ಗದ್ದೆ ಶುರುವಾದರೆ ಅಕ್ಕನ ಊರು ಬಂತೆಂದೇ ಲೆಕ್ಕ. ಅಕ್ಕನ ಹೊಸ ಗಂಡನನ್ನು ನಾನು ಮಾಮ ಎನ್ನುತ್ತಿದ್ದೆ. ಅಕ್ಕ ಆಡುವಾಗ ಅವರು ಪಕ್ಕದಲ್ಲಿ ಕೂತು ಒಂದೇ ಸಮನೆ ಮಾತಾಡುತ್ತಿದ್ದರು. "ಅಗೋ, ಹಿಂದ ಬಂದ ನೋಡು! ಈ ಮಗಾ ಯಾಕ ಓಡಾಕತ್ಯಾನ? ಇವನಿಗೆ ಊಟಗೀಟ ಇಲ್ಲೇನು?" ಅಕ್ಕ ಬಯ್ಯುತ್ತಿದ್ದಳು. "ಒಂದ ನಿಮಿಷ ಬಾಯಿ ಮುಚ್ಕೊಂಡು ಕುಂದರ್ರಿ!" ಅವರು ನಿಜವಾಗಿಯೂ ಸುಮ್ಮನಾದರೆ ಅವಳೇ ತಿರುಗಿ ನೋಡುತ್ತಿದ್ದಳು. "ಯಾಕ್ರಿ, ಸಿಟ್ಟಾತೇನು?" ಆ ಒಂದು ಹೆದರಿಕೆ ಅವಳನ್ನು ಪೂರ್ತಿ ಬಿಟ್ಟು ಹೋಗಿರಲಿಲ್ಲ. ಮಾಮನಿಗೂ ಅದು ಗೊತ್ತಿತ್ತು. ಹಾಗಾಗಿ ಅವರು ಬಹಳ ಹೊತ್ತು ಸುಮ್ಮನಿರುತ್ತಿರಲಿಲ್ಲ.

ದೋಣಿ ಆಟವನ್ನು ಹೊಸದಾಗಿ ಮಾಡುತ್ತಿದ್ದಾರೆ, ಕೊನೆಯನ್ನೂ ಬದಲಿಸಿದ್ದಾರೆ ಎಂಬ ಸುದ್ದಿ ಬಂದಾಗ ಅಕ್ಕ ನನಗೆ ಫೋನು ಮಾಡಿ ಬಹಳ ಹೊತ್ತು ಬಯ್ದಳು. ಮುಖಗಳನ್ನು ಚಂದ ಮಾಡಿದ್ದಾರೆ, ಉಪ್ಪುನೀರಿನಲ್ಲಿ ತಿರುಗುವವಳ ಚರ್ಮ ಹಾಗಿರುತ್ತದೇನು ಎಂದಳು. ಎಲ್ಲ ಬಯ್ದು ಮುಗಿಸಿ, "ಬಾಗಲಾ ತೆಗೀತಾರಂತ ಲೇ ಈ ಸಲ," ಅಂದಳು. ಅವಳ ದನಿಯಲ್ಲಿ ಆಸೆ ಇತ್ತು.

ಆಟ ಬರುವ ಮೊದಲೇ ಅಕ್ಕ ಹೋದಳು. ಜ್ವರ ಅಂದಿದ್ದಳು, ಮಾತ್ರೆ ನುಂಗಿದ್ದೇನೆ ಅಂದಿದ್ದಳು. ಬಳ್ಳಾರಿಯ ಆಸ್ಪತ್ರೆಗೆ ತರುವಷ್ಟರಲ್ಲಿ... ಡೆಂಗಿ ಎಂದರು. ನಾನು ಹೋದಾಗ ಮಾಮ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

ತಿಂಗಳುಗಳು ಕಳೆದ ಮೇಲೆ ಅವರೇ ಫೋನು ಮಾಡಿದರು. "ಆ ದೋಣಿ ಆಟ ಬಂದೈತಂತಲ್ಲವ್ವ. ನನಗ ಹಾಕಾಕ ಬರಂಗಿಲ್ಲ. ಬರ್ತೀಯೇನು?" ಸಿರುಗುಪ್ಪಕ್ಕೆ ಹೋದೆ. ಅಕ್ಕನ ಹಳೇ ಪೆಟ್ಟಿಗೆಯಲ್ಲಿ ಹೊಸ ಆಟ ಓಡುವಂತಿರಲಿಲ್ಲ. ಮಾಮ ಹೊಸದನ್ನೇ ತಂದಿಟ್ಟುಕೊಂಡಿದ್ದರು. ಹಲವು ಭಾನುವಾರ ಕೂತೆವು. ಹುಟ್ಟು ಹಾಕುವುದು ತಮ್ಮದೇ ಎಂದರು. ಗಿರಣಿಯ ಗ್ರೀಸು ಹಿಡಿದ ಬೆರಳುಗಳಲ್ಲಿ ಎಡ, ಬಲ ಎಂದು ಒತ್ತುತ್ತಿದ್ದರು. ಗೋಡೆಗಳಿಗೆ ಡಿಕ್ಕಿ ಹೊಡೆಸುತ್ತಿದ್ದರು. ಮಾತು ಕಮ್ಮಿಯಾಗಿತ್ತು.

ಕೊನೆಗೆ ಗುಡ್ಡದ ಮನೆ ಬಂತು. ಬಾಗಿಲು ತೆರೆಯಿತು. ಒಳಗೆ ತಂಗಿ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಿ ನಕ್ಕಳು. ಅಕ್ಕತಂಗಿಯರ ಅಪ್ಪುಗೆ, ಪಿಟೀಲು, ಕಿಟಕಿಯಲ್ಲಿ ಸೂರ್ಯ. ಬಹಳ ಹೊತ್ತು ಎಳೆದರು. ಅಕ್ಕ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ. ಇಷ್ಟು ವರ್ಷ ನೀರಿನ ನಡುವೆ ಒಬ್ಬಳೇ ಇದ್ದವಳ ಮುಖದಲ್ಲಿ ಒಂದು ಗೆರೆಯೂ ಇಲ್ಲವಲ್ಲ ಎಂದು ನಾನೇ ಮನಸ್ಸಿನಲ್ಲಿ ಬಯ್ಯಲು ಶುರು ಮಾಡಿದ್ದೆ.

"ಆಕಿಗೆ ಸೇರ್ತಿತ್ತೇನವ್ವ ಇದು?" ಅಂದರು ಮಾಮ.

"ಇಲ್ಲ ಮಾಮ. ಬಯ್ತಿದ್ಲು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಬಯ್ಲಿ ಬಿಡು. ನನಗಂತೂ ಸೇರ್ತು. ಬಾಗಲಾ ತೆಗದ್ರ ಒಳಗ ಮನಷ್ಯಾರು ಇರಬೇಕವ್ವ."

ನಾನು ಡಿಸ್ಕ್ ತೆಗೆದು ಡಬ್ಬಿಗೆ ಹಾಕಿದೆ. ಸಂಜೆ ಅವರೇ ಚಹಾ ಮಾಡಿದರು, ಬಸ್ ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದು ಕೊಟ್ಟರು.

ಈಗಲೂ ನಾನು ಆಡುತ್ತೇನೆ. ಒಂದು ಆಟ ಮುಗಿದಾಗ ಮಾಮನಿಗೆ ಫೋನು ಮಾಡಿ ಕಥೆ ಹೇಳುತ್ತೇನೆ, ಕೊನೆ ಹೇಗಾಯಿತೆಂದು ಹೇಳುತ್ತೇನೆ. ಅವರು ಪೂರ್ತಿ ಕೇಳಿಸಿಕೊಂಡು ಪ್ರತಿ ಸಲವೂ, "ಚಲೋ ಮುಗಿಸ್ಯಾರ ಬಿಡವ್ವ," ಅನ್ನುತ್ತಾರೆ. ಆಮೇಲೆ ಈ ಸಲದ ಭತ್ತದ ಬಗ್ಗೆ ಮಾತಾಡುತ್ತಾರೆ. ನಾನು ಹೂಂ ಅನ್ನುತ್ತೇನೆ. ಒಂದು ಕೊನೆಯನ್ನು ಹಿಡಿದು ಅರ್ಧ ದಿನ ಬಯ್ಯುವವರು ಈಗ ನನಗೆ ಯಾರೂ ಇಲ್ಲ...