ಹಡಗಿನ ವಾಲ್ವು ಮಾಡುತ್ತಿದ್ದ ಮೇಸ್ತ್ರಿ

ಮೇಸ್ತ್ರಿಗಳ ಅಂಗೈಯ ಗೆರೆಗಳಲ್ಲಿ ಸದಾ ಕಂಚಿನ ಪುಡಿ ಕೂತಿರುತ್ತಿತ್ತು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದಾಗ ಬೆಳಗಿನ ಬಿಸಿಲಿಗೆ ಮಿನುಗುತ್ತಿತ್ತು. ಅಂದೂ ಅಷ್ಟೇ. ನಮ್ಮವರು ಸೈಕಲ್ ಹತ್ತಿ ಆಫೀಸಿಗೆ ಹೋದರು. ನಾನು ಹಾಲಿನ ಪಾತ್ರೆ ತೊಳೆದು ಬೋರಲು ಹಾಕುವ ಹೊತ್ತಿಗೆ ಎದುರುಮನೆಯ ಮೇಸ್ತ್ರಿಗಳು ಪೇಪರು ಹಿಡಿದು ನಮ್ಮ ಜಗಲಿಗೆ ಬಂದು ಕೂತರು. ಅವರಿಗೆ ಇಂಗ್ಲಿಷ್ ಬಾರದು. ಕಾನ್ವೆಂಟಿನಲ್ಲಿ ಓದಿದ ನಾನು ದಿನಾ ಓದಿ ಕನ್ನಡದಲ್ಲಿ ಹೇಳಬೇಕು. ಹಡಗಿನ ಸುದ್ದಿಯಿದ್ದರೆ ಮೊದಲು ಅದೇ.

ಯುದ್ಧದ ಕಾಲದಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ದುಡಿದು ಬಂದವರು. ಈಗ ದೇವರಾಜ ಮೊಹಲ್ಲಾದ ಸಣ್ಣ ಎರಕದ ಶೆಡ್ಡಿನಲ್ಲಿ, ಸಮುದ್ರವೇ ಕಾಣದ ಈ ಊರಿನಲ್ಲಿ, ಹಳೆಯ ಸರಕು ಹಡಗುಗಳಿಗೆ ಬಿಡಿಭಾಗ ಮಾಡುತ್ತಿದ್ದರು. ವಿಲಾಯಿತಿ ಕಂಪನಿಗಳು ಅವನ್ನು ಮಾಡುವುದು ನಿಲ್ಲಿಸಿದ್ದವು. ಸವೆದದ್ದು ಬೊಂಬಾಯಿಯಿಂದ ಇವರಿಗೆ ಬರುತ್ತಿತ್ತು, ಅದರಂಥದೇ ಹೊಸದು ಹೋಗುತ್ತಿತ್ತು. ಮಾಡಿದ್ದನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುವರು. ನಮ್ಮ ಬಿಂದಿಗೆಯನ್ನೂ ಬಿಟ್ಟವರಲ್ಲ. "ಇದು ಇನ್ನಾರು ತಿಂಗಳು ಕಣವ್ವ" ಎಂದರೆ ಐದಕ್ಕೇ ಸೋರುತ್ತಿತ್ತು.

ಅಂದು ಪೇಪರಿನಲ್ಲಿ ಅಮೆರಿಕದ ಹೊಸ ಹಡಗಿನ ಚಿತ್ರವಿತ್ತು. ಬೆನ್ನ ಮೇಲೆ ವಿಮಾನಗಳ ಸಾಲು, ಹೊಟ್ಟೆಯಲ್ಲಿ ಅಣುಶಕ್ತಿ.

"ಕಲ್ಲಿದ್ದಲೂ ಬೇಡ, ಎಣ್ಣೆಯೂ ಬೇಡವಂತೆ. ವರ್ಷಗಟ್ಟಲೆ ಓಡುತ್ತಂತೆ," ಎಂದೆ.

"ಅಂಗಾರೆ ಉಗಿ ಇಲ್ವಾ?"

"ಇದೆಯಂತೆ. ಅಣುವಿನ ಶಾಖಕ್ಕೆ ನೀರು ಕಾದು ಉಗಿಯಾಗುತ್ತಂತೆ."

"ಉಗಿ ಐತೆ ಅಂದ್ಮೇಲೆ ವಾಲ್ವು ಬೇಕು. ಎಲ್ಲೋ ಒಬ್ಬ ಅದನ್ನ ಮಾಡಿ, ತಟ್ಟಿ ನೋಡಿ, ಕಳಿಸ್ಬುಟ್ಟು, ನಿದ್ದೆಗೆಟ್ಟು ಕೂತಿರ್ತಾನೆ ಕಣವ್ವ."

ಅವರೇ ಎಂಟು ತಿಂಗಳಿಂದ ನಿದ್ದೆಗೆಟ್ಟಿದ್ದರು. ಒಂದು ಹಡಗಿನಲ್ಲಿ ಉಗಿಯ ವಾಲ್ವು ಒಡೆದು, ಬಾಯ್ಲರಿನ ಬಳಿಯಿದ್ದ ಹುಡುಗ ಬೆಂದು ಸತ್ತಿದ್ದ. ಅಲ್ಲಿದ್ದ ಎರಡು ವಾಲ್ವುಗಳಲ್ಲಿ ಒಂದು ಇವರು ಮಾಡಿದ್ದು. ಒಡೆದದ್ದು ಯಾವುದೆಂದು ಕೇಳಿ ಹಡಗಿನ ಕಂಪನಿಗೆ ನನ್ನಿಂದಲೇ ಕಾಗದ ಬರೆಸಿದ್ದರು. ಅಂದು ಪೇಪರು ಮುಗಿದ ಮೇಲೆ ಜೇಬಿನಿಂದ ಉತ್ತರ ತೆಗೆದು ಕೊಟ್ಟರು.

ಒಡೆದದ್ದು ಅವರದೇ. ಎರಕದ ಒಳಗೆ ಗಾಳಿಗುಳ್ಳೆಯಿತ್ತು, ಹೊರಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ ಎಂದು ಬರೆದಿದ್ದರು. ತಲೆಯೆತ್ತಿ ನೋಡಿದೆ. ಕಾಫಿ ಹಾಗೇ ಕೆನೆಗಟ್ಟಿತ್ತು.

"ನಿಮ್ಮದಲ್ಲವಂತೆ ಮೇಸ್ತ್ರಿಗಳೇ."

"ಇನ್ನೊಂದ್ಸಲ ಓದವ್ವ."

ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಅದೇ ಸುಳ್ಳನ್ನು ಓದಿದೆ. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. "ಆ ಹುಡುಗನ ಮುಖ ನಾ ಕಂಡಿಲ್ಲ. ಆದ್ರೂ ದಿನಾ ಬತ್ತಿದ್ದ ಕಣವ್ವ. ಬಾಗ್ಲಲ್ಲಿ ಸುಮ್ಕೆ ನಿಂತ್ಕತಿದ್ದ."

ಸಂಜೆ ಪಕ್ಕದ ಮನೆಯಾಕೆಯ ಒಂದು ಮಾತು ಕೇಳಿ ನಾನು ಏನು ಮಾಡಿದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬರಿಗಾಲಲ್ಲಿ ಎದುರುಮನೆಗೆ ಓಡಿ, ಕಾದಿದ್ದು, ಮೇಸ್ತ್ರಿಗಳು ಬಂದ ಕೂಡಲೇ ನಿಜ ಹೇಳಿದೆ. ಬೈಯಲಿಲ್ಲ. ತಕ್ಷಣ ತಂತಿ ಕೊಟ್ಟು, ತಾವೇ ಬೊಂಬಾಯಿಗೆ ಹೋಗಿ ಇನ್ನೊಂದು ಸಾವು ಆಗದಂತೆ ತಡೆದು ಬಂದರು. ಆಮೇಲೂ ನಮ್ಮ ಜಗಲಿಗೆ ಬಂದು ಕಾಫಿ ಕುಡಿದರು, ಮಕ್ಕಳನ್ನು ನಗಿಸಿದರು. ಕಾಗದ ಮಾತ್ರ ಎಂದೂ ಓದಿಸಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಬಾಗಿಲಲ್ಲಿ ನಿಲ್ಲುತ್ತಿದ್ದವನು ಈಗ ಒಮ್ಮೊಮ್ಮೆ ನಮ್ಮ ಬಾಗಿಲಲ್ಲಿ ನಿಂತಂತಾಗುತ್ತದೆ.

ಅಂದು ಸಂಜೆ ಪಕ್ಕದ ಮನೆಯಾಕೆ ಹೂ ಕಟ್ಟುತ್ತಾ, ತಲೆಯನ್ನೂ ಎತ್ತದೆ ಹೇಳಿದ್ದು ಇಷ್ಟೇ: "ನಿಮ್ಮ ಮೇಸ್ತ್ರಿಗಳು ಗೋಣಿ ಕಟ್ಟು ಹೊತ್ಕೊಂಡು ಸ್ಟೇಷನ್ನಿಗೆ ಹೋದ್ರು ಕಣ್ರೀ. ಆ ಹಡಗಿನ ವಾಲ್ವಿನ ಜೊತೇಲೇ ಎರಕ ಹೊಯ್ದಿದ್ದು ಇನ್ನೊಂದಿತ್ತಂತೆ, ಹೆದರ್ಕೊಂಡು ಕಳಿಸಿರ್ಲಿಲ್ವಂತೆ. ಎದುರುಮನೆ ತಾಯಿ ಕಾಗದ ಓದಿ ಹೇಳ್ಬುಟ್ರಲ್ಲ, ಇನ್ನೇನು ಭಯ ಅಂದ್ಕೊಂಡು ನಗ್ತಾ ನಗ್ತಾ ಹೋದ್ರು."